ನಿಮಗಿದು ಗೊತ್ತೆ? ಪ್ರೊಜೆಕ್ಟರು ಕಪ್ಪನ್ನು ಬೀರಲಾರದು!

ಗೋಡೆಯ ಮೇಲಣ ಸಿನಿಮಾದಲ್ಲಿ ನಾಯಕಿಯ ಕೇಶರಾಶಿಯೆಂದು ನಾವು ಕಾಣುವ ಕಪ್ಪು, ಬೆಳಕು ಬೀಳದ ಸುಣ್ಣದ ಗೋಡೆಯೇ ಹೊರತು ಬೇರೆಯಲ್ಲವಾದ್ದರಿಂದ, ಕೋಣೆ ಕತ್ತಲಾದಷ್ಟೂ ಚಿತ್ರಕ್ಕೆ ಕಾಂತಿ. ಪೂರ್ತಿ ಕತ್ತಲಾಗದ ಕೋಣೆಯಲ್ಲಿ ಯಂತ್ರದ ಬೆಳಕೇ ಗತಿ; ಆದಕಾರಣ ಅಗ್ಗದ ಕಿರುಪ್ರೊಜೆಕ್ಟರನ್ನು ಕೊಳ್ಳಹೊರಟವರು, ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ಮೆರೆಯುವ ಸಾವಿರಾರು ‘ಲ್ಯೂಮೆನ್’ ಎಂಬ ಬೆಳಕಿನ ಮಾನಗಳಿಗೆ ಮರುಳಾಗದೆ (ಅಕ್ಷರ ದಪ್ಪವಾದಷ್ಟೂ ಸಂಶಯ ಹೆಚ್ಚಲಿ), ತೆರೆಯ 9 ಭಾಗಗಳಲ್ಲಿ ಬೆಳಕನ್ನಳೆದು ಸರಾಸರಿಯಿಂದ ನಿರ್ಣಯಿಸುವ ‘ಆನ್ಸಿ ಲ್ಯೂಮೆನ್’ ಎಷ್ಟೆಂಬುದನ್ನೇ ವಿಚಾರಿಸತಕ್ಕದ್ದು. ಚಿತ್ರದ ಅಗಲವನ್ನೂ ಎತ್ತರವನ್ನೂ ಇಮ್ಮಡಿಗೊಳಿಸಿದರೆ, ಅಷ್ಟೇ ಬೆಳಕು ನಾಲ್ಮಡಿ ವಿಸ್ತೀರ್ಣಕ್ಕೆ ಹಂಚಿಹೋಗಿ, ಪ್ರಕಾಶವು ಕಾಲುಭಾಗಕ್ಕಿಳಿಯುವುದು. ‘1080ಪಿ ಸಪೋರ್ಟ್’ ಎಂಬುದೂ ಅಂಥದೇ ಮಾತಿನ ಚಮತ್ಕಾರ: ಆ ದರ್ಜೆಯ ವಿಡಿಯೊವನ್ನು ಸ್ವೀಕರಿಸಿದ ಯಂತ್ರವು ಗೋಡೆಗೆ ಬಿಡುವುದು ಎಷ್ಟೋ ವೇಳೆ 1280×720 ಬಿಂದುಗಳ ಚಿತ್ರವನ್ನು ಮಾತ್ರ; ಕೇಳಬೇಕಾದುದು ಯಂತ್ರವೇ ಮೂಡಿಸಬಲ್ಲ ಬಿಂದುಗಳ ಲೆಕ್ಕವಾದ ‘ನೇಟಿವ್ ರೆಸಲ್ಯೂಷನ್’.