ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಎಷ್ಟು ವರ್ಷ ಬಾಳಬೇಕು?

ಎಂಜಿನಿಯರಿಂಗ್ ಸೀಟು ಸಿಕ್ಕ ಮನೆಗಳಲ್ಲಿ ಶುಲ್ಕದ ಚಿಂತೆ ಮುಗಿಯುವ ಮೊದಲೇ ಲ್ಯಾಪ್‌ಟಾಪಿನ ಮಾತು ಶುರುವಾಗುತ್ತದೆ. ಮಗಳಿಗೆ ಮ್ಯಾಕ್‌ಬುಕ್ ಬೇಕು. ಅಪ್ಪನಿಗೆ ಅದರ ಅರ್ಧ ಬೆಲೆಯದ್ದು ಸಾಕು. ಬೆಲೆಚೀಟಿ ನೋಡಿದರೆ ಅಪ್ಪನ ಮಾತೇ ಸರಿ. ಆದರೆ ಆ ಬೆಲೆಯನ್ನು ಯಂತ್ರ ಬಾಳುವ ವರ್ಷಗಳಿಂದ ಭಾಗಿಸಿ ನೋಡದೆ ಯಾರೂ ದುಡ್ಡು ಎಣಿಸಬಾರದು.

2020ರ ನವೆಂಬರಿನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ಕೂರಿಸಿದ ಮ್ಯಾಕ್‌ಬುಕ್ ಏರ್ ತಂದಿತು. ಭಾರತದಲ್ಲಿ ಬೆಲೆ 92,900 ರೂಪಾಯಿ. ಅದರೊಳಗೆ ಫ್ಯಾನೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಕೂಡ ಅದರಲ್ಲಿ ನಡೆಯುತ್ತದೆ. ಐದೇ ವರ್ಷಕ್ಕೆ ಹಂಚಿದರೂ ವರ್ಷಕ್ಕೆ 18,580 ರೂಪಾಯಿ. 55,000 ಕೊಟ್ಟು ತಂದದ್ದು ಮೂರು ವರ್ಷಕ್ಕೆ ಸುಸ್ತಾದರೆ ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ಬೀಳುತ್ತದೆ. ಹಳೆಯ ಮ್ಯಾಕ್ ಮಾರಿದಾಗ ಕೈಗೆ ಬರುವ ಹಣ ಈ ಲೆಕ್ಕದಲ್ಲಿ ಸೇರಿಲ್ಲ.

ಹಾಗೆಂದು ಆ್ಯಪಲ್ಲಿನ ಎಲ್ಲ ಬೆಲೆಯೂ ನ್ಯಾಯವಾದದ್ದಲ್ಲ. 2025ರ ಮಾರ್ಚಿನಲ್ಲಿ ಬಂದ ಎಂ4 ಏರ್ 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್‌ನೊಂದಿಗೆ 99,900ಕ್ಕೆ ಸಿಗುತ್ತಿತ್ತು. ಸ್ಟೋರೇಜ್ 512 ಆಗಬೇಕೆಂದರೆ 1,19,900. ಬರೀ 256 ಜಿಬಿಗೆ 20,000 ರೂಪಾಯಿ! ಆಮೇಲೆ ಹಾಕಿಸಿಕೊಳ್ಳೋಣ ಎಂದರೆ ದಾರಿಯಿಲ್ಲ; ಎಲ್ಲವನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಎಂಟು ಜಿಬಿ ರ‍್ಯಾಮಿನ ಎಂ1 ಕೊಂಡವರು ಇಂದು ಹತ್ತಾರು ಟ್ಯಾಬ್ ತೆರೆದಾಗ ಪಡುವ ಪಾಡಿಗೂ ಇದೇ ಕಾರಣ. ಏರ್‌ನ ಕನಿಷ್ಠ ಬೆಲೆಯ ಮಾದರಿ ನಿಜಕ್ಕೂ ಒಳ್ಳೆಯ ವ್ಯಾಪಾರ. ಫೋಟೊ, ವಿಡಿಯೊಗಳಿಗೆ ಹೊರಗಿನ ಎಸ್‌ಎಸ್‌ಡಿ ಸಾಕು. ಮೇಲಿನ ಮಾದರಿಗಳಿಗೆ ಏರುತ್ತ ಹೋದಂತೆ ಕೊಟ್ಟ ರೂಪಾಯಿಗೆ ಸಿಗುವುದು ಕಡಿಮೆಯಾಗುತ್ತದೆ.

ಇದಕ್ಕೆ ತದ್ವಿರುದ್ಧ ಥಿಂಕ್‌ಪ್ಯಾಡ್. 1992ರಲ್ಲಿ ಐಬಿಎಂ ಹುಟ್ಟುಹಾಕಿದ ಈ ಹೆಸರು 2005ರಲ್ಲಿ ಲೆನೊವೊ ಪಾಲಾಯಿತು. ಕಪ್ಪು ಮೈ, ಕೀಬೋರ್ಡಿನ ನಡುವೆ ಕೆಂಪು ಚುಕ್ಕೆ. ಎಲ್ಲರ ಕಣ್ಣು ಬೀಳುವುದು ಒಂದು ಕಿಲೊ ಆಸುಪಾಸು ತೂಗುವ ಎಕ್ಸ್1 ಕಾರ್ಬನ್ ಮೇಲೆ. ಅದರ ರ‍್ಯಾಮ್ ಕೂಡ ಬೆಸೆದದ್ದೇ. ನನ್ನ ಒಲವು ತುಸು ದಪ್ಪನೆಯ ಟಿ14ರ ಕಡೆಗೆ. 2024ರ ಪೀಳಿಗೆಯ ಟಿ14ಕ್ಕೆ ರಿಪೇರಿಯ ಸುಲಭತೆಯಲ್ಲಿ ಐಫಿಕ್ಸಿಟ್ ಸಂಸ್ಥೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿತು. ಸ್ಕ್ರೂ ಬಿಚ್ಚಿ ರ‍್ಯಾಮ್ ಏರಿಸಬಹುದು, ಬ್ಯಾಟರಿ ಬದಲಿಸಬಹುದು. ಆ್ಯಪಲ್ ಏಳೆಂಟು ವರ್ಷ ಬಾಳಿದರೆ ಅದು ಮೊದಲೇ ಸರಿಯಾದ ಮಾದರಿ ಆರಿಸಿದ್ದರಿಂದ. ಟಿ14 ಬಾಳುವುದು ನಡುವೆ ಕೈಹಾಕಲು ಬಿಡುವುದರಿಂದ. ಸರ್ವಿಸ್ ಸೆಂಟರ್ ದೂರವಿರುವ ಊರಿನಲ್ಲಿ ಈ ಎರಡನೆಯ ಗುಣಕ್ಕೇ ತೂಕ ಹೆಚ್ಚು.

ಡೆಲ್‌ನ ಎಕ್ಸ್‌ಪಿಎಸ್ ಚೆಲುವಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ 2025ರ ಆರಂಭದಲ್ಲಿ ಕಂಪನಿ ಆ ಹೆಸರನ್ನೇ ಕೈಬಿಟ್ಟಿತು, ಮರುವರ್ಷ ವಾಪಸು ತಂದಿತು. ಎಕ್ಸ್‌ಪಿಎಸ್ 13ರಲ್ಲೂ ರ‍್ಯಾಮ್ ಬೆಸೆದದ್ದು. ಎಚ್‌ಪಿಯ ಎಲೈಟ್‌ಬುಕ್ ಗಟ್ಟಿ ಯಂತ್ರ. ಕೊಳ್ಳುವ ಮುನ್ನ ಆಯಾ ಮಾದರಿಯ ರ‍್ಯಾಮ್ ಬಿಚ್ಚಲು ಬರುತ್ತದೆಯೇ ಎಂದು ಕೇಳಿದರಾಯಿತು.

ಮಾಡುವ ಕೆಲಸ ಯಾವುದೆಂಬುದೂ ಬೆಲೆಯನ್ನು ಬದಲಿಸುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೂ, ನುಡಿ ತಂತ್ರಾಂಶದಲ್ಲಿ ಪುಟ ಕಟ್ಟುವ ಮುದ್ರಣಾಲಯದವರಿಗೂ ವಿಂಡೋಸ್ ಬೇಕೇ ಬೇಕು. ಅವರಿಗೆ ಮ್ಯಾಕ್ ಎಷ್ಟು ಅಗ್ಗವಾದರೂ ದುಬಾರಿಯೇ.

ಲಕ್ಷದ ಮಾತೇ ಆಗದವರಿಗೂ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ದಾರಿಯುಂಟು. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಬರುತ್ತವೆ. ಆ ದರ್ಜೆಯ ಕೀಬೋರ್ಡ್, ಕೀಲುಗಳು ಅದೇ ಬೆಲೆಯ ಹೊಸ ಲ್ಯಾಪ್‌ಟಾಪಿನಲ್ಲಿ ಸಿಗುವುದು ಕಷ್ಟ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್ ಎಂಟನೆಯ ಪೀಳಿಗೆಗಿಂತ ಹಳೆಯದನ್ನು ಮುಟ್ಟಬೇಡಿ. ಬ್ಯಾಟರಿಗೆ ಬೇರೆ ಹಣ ಎತ್ತಿಡಿ. ತಳಭಾಗದಲ್ಲಿರುವ ಸೀರಿಯಲ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಉಳಿದಿದೆಯೇ ಎಂದು ಅಲ್ಲೇ ತಿಳಿಯುತ್ತದೆ. ಅದನ್ನು ನೋಡಿಯೇ ಹಣ ಕೊಡಿ.