ಕಾರು ಬಿಟ್ಟು ಹೋಗ್ಬೇಡಿ ಮಾರಾಯ್ರೆ...

"ಅಲ್ಲಾ ಮಾರಾಯ್ರೆ, ಎರಡೇ ನಿಮಿಷ ಕಾರು ನಿಲ್ಲಿಸಿದ್ದಕ್ಕೆ ಆ ಪೋಲೀಸ್ ಹಂಗೆ ಕಿರುಚೋದಾ? ನಮ್ಮತ್ತೆ ಗಾಬರಿಯಾಗಿ ಕೈಲಿದ್ದ ಪಾಸ್‌ಪೋರ್ಟ್ ಬೀಳಿಸಿಬಿಟ್ರು!"

ಟಿಕೆಟ್ ಮಾರಿದವನು ನಾನು, ಹಾಗಾಗಿ ಪೋಲೀಸರ ಮೇಲಿನ ದೂರೂ ನನಗೇ. ಟ್ರಾವೆಲ್ ಏಜೆಂಟ್ ಅಂದ್ರೆ ಹಂಗೇ. ವಿಮಾನ ತಡವಾದ್ರೆ ನಾನು, ಉಪ್ಪಿನಕಾಯಿ ಬಾಟಲಿ ಒಡೆದ್ರೆ ನಾನು, ಫ್ರಾಂಕ್‌ಫರ್ಟಿನಲ್ಲಿ ಮಳೆ ಬಂದ್ರೂ ನಾನೇ. ನ್ಯೂಜೆರ್ಸಿಯ ಓಕ್ ಟ್ರೀ ರಸ್ತೆಯ ಒಂದು ಪುಟ್ಟ ಆಫೀಸಿನಲ್ಲಿ ಕೂತು ಇಷ್ಟು ವರ್ಷ ಟಿಕೆಟ್ ಮಾರಿದ್ದೇನೆ. 2002ರ ಮಾರ್ಚಿನಲ್ಲಿ ಅಮೆರಿಕದ ದೊಡ್ಡ ಏರ್‌ಲೈನುಗಳು ನಮ್ಮಂಥವರ ಕಮಿಷನ್ ನಿಲ್ಲಿಸಿದಾಗ ಅರ್ಧ ಅಂಗಡಿಗಳು ಬಾಗಿಲು ಹಾಕಿದವು. ನಾನು ಹೇಗೋ ಉಳಕೊಂಡೆ. ಅಪ್ಪ ಅಮ್ಮನ್ನ ಊರಿಗೆ ಕಳಿಸುವಾಗ ವೀಲ್‌ಚೇರ್, ಸಸ್ಯಾಹಾರಿ ಊಟ, ಕಿಟಕಿ ಪಕ್ಕದ ಸೀಟು ಅಂತ ಕನ್ನಡದಲ್ಲಿ ಕೇಳಿಸಿಕೊಳ್ಳೋಕೆ ಒಬ್ಬ ಬೇಕಲ್ಲ, ಅದಕ್ಕೆ.

ಆ ದೂರು ಹೇಳಿದವರಿಗೆ ನಾನು ಮೊದಲು ನನ್ನದೇ ಕತೆ ಹೇಳಿದೆ. ಈಗ ನಿಮಗೂ ಹೇಳ್ತೇನೆ.

*

2001ರ ಜುಲೈ. ಶಿವಮೊಗ್ಗದ ಒಬ್ಬರು ಅಜ್ಜಿ ಒಬ್ಬರೇ ವಾಪಸ್ಸು ಹೊರಟಿದ್ದರು. ಮಗನಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, "ನೀವೇ ಸ್ವಲ್ಪ ಬಿಟ್ಟುಬರ್ತೀರಾ?" ಅಂದ. ಆಯ್ತು ಅಂದೆ. ಎರಡು ಸೂಟ್‌ಕೇಸು, ಒಂದೊಂದೂ ಬರೋಬ್ಬರಿ ಮೂವತ್ತೆರಡು ಕೆಜಿ. ನೆವಾರ್ಕ್ ಏರ್‌ಪೋರ್ಟಿನ ಡಿಪಾರ್ಚರ್ ಬಾಗಿಲ ಮುಂದೆ ಕಾರು ನಿಲ್ಲಿಸಿ ಅಜ್ಜಿಯನ್ನು ಒಳಗೆ ಕರಕೊಂಡು ಹೋದೆ. ಟಿಕೆಟ್ಟಿನಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಿತ್ತು (ತಪ್ಪು ನನ್ನದೇ), ಅದನ್ನು ಸರಿ ಮಾಡಿಸುವಷ್ಟರಲ್ಲಿ ಇಪ್ಪತ್ತು ನಿಮಿಷ.

ಹೊರಗೆ ಬಂದರೆ ನನ್ನ ಕಾರಿನ ಮುಂದೆ ಎಳಕೊಂಡು ಹೋಗುವ ಟ್ರಕ್ಕು, ಪಕ್ಕದಲ್ಲಿ ದಪ್ಪ ಮೀಸೆಯ ಪೋಲೀಸಪ್ಪ. ನನಗೆ ಸಿಟ್ಟು ನೆತ್ತಿಗೇರಿತು. "ಐದು ನಿಮಿಷಕ್ಕೆ ಇಷ್ಟೆಲ್ಲಾ ಮಾಡ್ತೀರಲ್ಲ, ಕಾರಿನಲ್ಲಿ ಏನಿದೆ ಅಂದ್ಕೊಂಡಿದ್ದೀರಿ?" ಅಂತ ಕೂಗಾಡಿದೆ. ಆತ ದನಿ ಏರಿಸಲೇ ಇಲ್ಲ. "ಸರ್, 93ರಲ್ಲಿ ನಾನು ಟ್ರೇಡ್ ಸೆಂಟರಿನಲ್ಲಿದ್ದೆ. ಅದೂ ನಿಲ್ಲಿಸಿ ಹೋದ ಗಾಡಿಯೇ" ಅಂದ. ದಂಡದ ಚೀಟಿ ಹರಿದು ಕೈಗಿಟ್ಟ. ಕಾರನ್ನು ಎಳಕೊಂಡು ಹೋಗಲಿಲ್ಲ ಅನ್ನೋದಷ್ಟೇ ಪುಣ್ಯ.

ದಾರಿಯುದ್ದಕ್ಕೂ ಬೈಕೊಂಡು ಬಂದೆ. ಆತ ಹೇಳಿದ್ದು ಏನು ಅಂತ ತಿಳಿದದ್ದು ಆಮೇಲೆ. 1993ರ ಫೆಬ್ರವರಿ 26ರಂದು ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬಾಡಿಗೆಗೆ ತಂದ ಒಂದು ವ್ಯಾನು ನಿಲ್ಲಿಸಿ ಹೋಗಿದ್ದರು. ಅದರಲ್ಲಿದ್ದ ಬಾಂಬು ಸಿಡಿದು 6 ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು.

ಇನ್ನೊಂದು ವಿಷಯವೂ ನನಗೆ ಗೊತ್ತಿರಲಿಲ್ಲ. ಏರ್‌ಪೋರ್ಟ್ ಪೋಲೀಸ್ ಅಂದ್ರೆ ಕಾರು ಓಡಿಸೋ ಕೆಲಸದವರು ಅಂದುಕೊಂಡಿದ್ದೆ. ಅವರು ಪೋರ್ಟ್ ಅಥಾರಿಟಿ ಪೋಲೀಸರು. ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ರಾಜ್ಯ ಸೇರಿ ನಡೆಸುವ ಸಂಸ್ಥೆಯದು. ನೆವಾರ್ಕ್, ಕೆನಡಿ, ಲಗ್ವಾರ್ಡಿಯಾ ಏರ್‌ಪೋರ್ಟುಗಳು, ಹಡ್ಸನ್ ಕೆಳಗಿನ ಸುರಂಗಗಳು, ಜಾರ್ಜ್ ವಾಷಿಂಗ್ಟನ್ ಸೇತುವೆ, ದೊಡ್ಡ ಬಸ್ ನಿಲ್ದಾಣ, ಪಾತ್ ರೈಲು ಎಲ್ಲಾ ಅವರ ಕಾವಲು. 1928ರಲ್ಲಿ ಸೇತುವೆ ಕಾಯೋಕೆ ಅಂತ 40 ಜನರಿಂದ ಶುರುವಾದ ಪಡೆ. ಟ್ವಿನ್ ಟವರ್ ಕಟ್ಟಿದ್ದೂ ಅದೇ ಪೋರ್ಟ್ ಅಥಾರಿಟಿ. ಅಂದ್ರೆ ಆ ಕಟ್ಟಡ ಅವರ ಸ್ವಂತ ಮನೆ.

*

ಸೆಪ್ಟೆಂಬರ್ 11ರ ಮಂಗಳವಾರ ಆಫೀಸಿನ ಫೋನು ಕೆಳಗಿಡೋಕೆ ಆಗಲಿಲ್ಲ. ವಿಮಾನಗಳನ್ನೆಲ್ಲ ಇಳಿಸಿ ಅಂತ ಆರ್ಡರ್ ಆಗಿತ್ತು. ನಾನು ಟಿಕೆಟ್ ಕೊಟ್ಟ ವಯಸ್ಸಾದ ದಂಪತಿ ಯೂರೋಪಿನಿಂದ ಬರ್ತಾ ಸಮುದ್ರದ ಮೇಲಿದ್ದರು. "ನಮ್ಮಮ್ಮ ಎಲ್ಲಿ?" ಅಂತ ಮಗಳು ಗಂಟೆಗೊಂದು ಸಲ ಫೋನ್ ಮಾಡೋಳು. ಕೆನಡಾದ ಗ್ಯಾಂಡರ್ ಅನ್ನೋ ಸಣ್ಣ ಊರಿನಲ್ಲಿ ಅವತ್ತು ಇಳಿದ 38 ವಿಮಾನಗಳಲ್ಲಿ ಅವರದೂ ಒಂದು ಅಂತ ಗೊತ್ತಾಗೋವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ಆ ಗಲಾಟೆ ತಣ್ಣಗಾದ ಮೇಲೆ ಪೇಪರಿನಲ್ಲಿ ಫೋಟೋಗಳು ಬರತೊಡಗಿದವು. ನ್ಯೂಯಾರ್ಕ್ ನಗರ ಪೋಲೀಸರು 23 ಜನ. ಪೋರ್ಟ್ ಅಥಾರಿಟಿ ಪೋಲೀಸರು 37. ಅಮೆರಿಕದ ಯಾವ ಪೋಲೀಸ್ ಪಡೆಯೂ ಒಂದೇ ದಿನದಲ್ಲಿ ಅಷ್ಟು ಜನರನ್ನು ಕಳಕೊಂಡಿರಲಿಲ್ಲ. ಅವರ ಮುಖ್ಯಸ್ಥ ಫ್ರೆಡ್ ಮೊರೋನ್ ಸತ್ತಿದ್ದರು, ಕ್ಯಾಪ್ಟನ್ ಕ್ಯಾಥಿ ಮಾಝಾ ಸತ್ತಿದ್ದರು. ಸಿರಿಯಸ್ ಅನ್ನೋ ಅವರ ನಾಯಿಯೂ ಸತ್ತಿತ್ತು.

ನಾನು ಮೀಸೆ ಹುಡುಕಿದೆ. ಹೆಸರು ಗೊತ್ತಿರಲಿಲ್ಲವಲ್ಲ, ಎದೆ ಮೇಲಿನ ಪಟ್ಟಿ ಓದುವಷ್ಟು ವ್ಯವಧಾನ ಅವತ್ತು ನನಗೆಲ್ಲಿತ್ತು? ಒಂದೊಂದೇ ಫೋಟೋ ನೋಡ್ತಾ ಹೋದೆ. ಆತ ಇರಲಿಲ್ಲ. ಅಬ್ಬಾ ಅಂತ ಉಸಿರು ಬಿಟ್ಟೆ. ಮರುಕ್ಷಣ ನಾಚಿಕೆಯಾಯ್ತು. ಕಣ್ಣ ಮುಂದೆ 37 ಮುಖ ಇಟ್ಟುಕೊಂಡು ನೆಮ್ಮದಿಯ ಉಸಿರು ಬಿಡೋದು ಅಂದ್ರೆ ಏನು?

ಆ 37ರಲ್ಲಿ ಒಬ್ಬರು ಡೊಮಿನಿಕ್ ಪೆಝುಲೋ. ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಬಸ್ ನಿಲ್ದಾಣದ ಡ್ಯೂಟಿಯಲ್ಲಿದ್ದವರು ಸಿಟಿ ಬಸ್ಸು ಹತ್ತಿಕೊಂಡು ಅಲ್ಲಿಗೆ ಹೋದರು. 9:59ಕ್ಕೆ ದಕ್ಷಿಣದ ಗೋಪುರ ಬಿದ್ದಾಗ ಐದು ಜನ ಎರಡೂ ಗೋಪುರಗಳ ನಡುವೆ, ಕೆಳಗಿದ್ದರು. ಇಬ್ಬರು ಅಲ್ಲೇ ತೀರಿಕೊಂಡರು. ವಿಲ್ ಜಿಮೆನೋ, ಸಾರ್ಜೆಂಟ್ ಜಾನ್ ಮೆಕ್‌ಲಾಫ್ಲಿನ್ ಸಿಕ್ಕಿಹಾಕಿಕೊಂಡರು. ಪೆಝುಲೋ ಮಾತ್ರ ಹೇಗೋ ಬಿಡಿಸಿಕೊಂಡು ಎದ್ದರು. ಹೊರಗೆ ಹೋಗುವ ದಾರಿ ಹುಡುಕಬಹುದಿತ್ತು. ಹೋಗಲಿಲ್ಲ, ಜಿಮೆನೋ ಮೇಲಿದ್ದ ಕಾಂಕ್ರೀಟು ಸರಿಸೋಕೆ ನಿಂತರು. 10:28ಕ್ಕೆ ಎರಡನೇ ಗೋಪುರ ಬಿತ್ತು. ಜಿಮೆನೋರನ್ನು 13 ಗಂಟೆ ಆದಮೇಲೆ, ಮೆಕ್‌ಲಾಫ್ಲಿನ್‌ರನ್ನು 22 ಗಂಟೆ ಆದಮೇಲೆ ಜೀವಂತ ಹೊರಗೆ ತೆಗೆದರು. ಪೆಝುಲೋ ಬರಲಿಲ್ಲ.

*

ಇದನ್ನೆಲ್ಲ ಓದಿ ಪೋಲೀಸರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳ್ತಿದ್ದೇನೆ ಅಂದ್ಕೋಬೇಡಿ. ಅದಕ್ಕೂ ಒಂದು ಕತೆ ಇದೆ, ನಮ್ಮವರದ್ದೇ.

2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಏರ್‌ಪೋರ್ಟಿನ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪೊಂದು ನುಗ್ಗಿ ಬೆಂಕಿ ಹೊತ್ತಿಕೊಂಡಿತು. ಬೆಂಕಿಯ ಮಧ್ಯೆ ಹೋಗಿ ಹಿಡಿದವರು ಪೋಲೀಸರು, ಜೊತೆಗೆ ಲಗೇಜು ಸಾಗಿಸುವ ಒಬ್ಬ ಕೆಲಸಗಾರ. ಓಡಿಸಿಕೊಂಡು ಬಂದವನು ಕಫೀಲ್ ಅಹ್ಮದ್, ಬೆಂಗಳೂರಿನ ಎಂಜಿನಿಯರು. ಸುಟ್ಟ ಗಾಯಗಳಿಂದ ಆತನೇ ಸತ್ತ, ಬೇರೆ ಯಾರೂ ಸಾಯಲಿಲ್ಲ.

ಎರಡು ದಿನಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಡಾಕ್ಟರ್ ಮೊಹಮ್ಮದ್ ಹನೀಫ್‌ರನ್ನು ಹಿಡಿದರು. ಕಫೀಲನ ದೂರದ ಸಂಬಂಧಿ, ಇಂಗ್ಲೆಂಡಿನಲ್ಲಿದ್ದಾಗ ತನ್ನ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟಿದ್ದರು. ಅನುಮಾನಕ್ಕೆ ಇನ್ನೊಂದು ಕಾರಣ ಏನು ಗೊತ್ತಾ? ಅವರ ಕೈಲಿದ್ದ ಬೆಂಗಳೂರಿನ ಒನ್-ವೇ ಟಿಕೆಟ್! ಊರಿನಲ್ಲಿ ಹೆಂಡತಿಗೆ ಆಗಷ್ಟೇ ಹೆರಿಗೆಯಾಗಿತ್ತು, ಮಾವ ಟಿಕೆಟ್ ತೆಗೆಸಿಕೊಟ್ಟಿದ್ದರು. ಯಾವಾಗ ವಾಪಸ್ಸು ಅಂತ ಗೊತ್ತಿಲ್ಲದಿದ್ರೆ ಜನ ಒನ್-ವೇ ತಗೋತಾರೆ, ನಾನೇ ಎಷ್ಟು ಮಾರಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬ ಟ್ರಾವೆಲ್ ಏಜೆಂಟನ್ನು ಕೇಳಿದ್ರೂ ಹೇಳ್ತಿದ್ದ. ಹನ್ನೆರಡು ದಿನ ಆರೋಪವೇ ಹೊರಿಸದೆ ಇಟ್ಟುಕೊಂಡರು. ಆಮೇಲೆ ಹೊರಿಸಿದ ಆರೋಪವನ್ನು ಅದೇ ತಿಂಗಳು 27ಕ್ಕೆ ಕೈಬಿಟ್ಟರು. ಹನೀಫ್ ನಿರ್ದೋಷಿ ಅಂತ ಒಪ್ಪಿ ಪರಿಹಾರ ಕೊಟ್ಟದ್ದು 2010ರಲ್ಲಿ.

ನಿಲ್ಲಿಸಿ ಹೋದ ಕಾರು, ಮರೆತ ಸೂಟ್‌ಕೇಸು, ಒನ್-ವೇ ಟಿಕೆಟ್. ನನ್ನ ಕೆಲಸದಲ್ಲಿ ಇವು ದಿನಾ ನೋಡೋ ಸಾಮಾನು. ಪೋಲೀಸನಿಗೂ ದಿನಾ ನೋಡೋ ಸಾಮಾನೇ, ಆದರೆ ಅವನು ಪ್ರತಿಯೊಂದರಲ್ಲೂ ಆ 93ರ ವ್ಯಾನನ್ನು ನೋಡಬೇಕು. ಲಕ್ಷದಲ್ಲಿ ಒಂದು ಸಲ ಅವನ ಅನುಮಾನ ನಿಜವಾದರೆ ಮೊದಲು ಸಾಯೋನು ಅವನೇ. ಸುಳ್ಳಾದರೆ ಬೆಲೆ ಕಟ್ಟೋರು ಹನೀಫ್‌ನಂಥೋರು. ಎರಡನ್ನೂ ಒಟ್ಟಿಗೆ ನೆನಪಿಡೋದು ಕಷ್ಟ, ಆದ್ರೂ ಇಡಬೇಕು ಅನ್ನಿಸುತ್ತೆ ನನಗೆ.

*

2004ರಲ್ಲಿ ಮತ್ತೆ ನೆವಾರ್ಕಿನಲ್ಲಿ ಯಾರನ್ನೋ ಬಿಡೋಕೆ ಹೋಗಿದ್ದೆ. ಅದೇ ಬಾಗಿಲು, ಅದೇ ಮೀಸೆ! ಸ್ವಲ್ಪ ಬೆಳ್ಳಗಾಗಿತ್ತು. ಕಾರಿನ ಕಿಟಕಿ ಇಳಿಸಿ, "ಸರ್, ನಿಮ್ಮನ್ನು ನೋಡಿ ಬಹಳ ಸಂತೋಷ ಆಯ್ತು" ಅಂದೆ. ಆತನಿಗೆ ನಾನ್ಯಾರು ಅಂತ ನೆನಪಿಲ್ಲ. ದಂಡದ ಕತೆ ಹೇಳಿದೆ. ನಕ್ಕ, ನಗ್ತಾ ಕೆಮ್ಮಿದ. ಕೆಮ್ಮು ನಿಲ್ಲೋಕೆ ಹೊತ್ತಾಯಿತು. "ಮೇ ತಿಂಗಳವರೆಗೂ ಅಲ್ಲೇ ಅಗೀತಾ ಇದ್ವಿ" ಅಂದ. ಯಾರನ್ನು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿನ ಧೂಳು ಆಮೇಲೂ ಕೊಲ್ತಾ ಬಂತು. ಜೇಮ್ಸ್ ಝಡ್ರೋಗಾ ಅನ್ನೋ ನ್ಯೂಯಾರ್ಕ್ ಡಿಟೆಕ್ಟಿವ್ 2006ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಾಯಿದೆಗೆ 2011ರ ಜನವರಿಯಲ್ಲಿ ಸಹಿ ಬಿತ್ತು, ಪರಿಹಾರವನ್ನು 2090ರವರೆಗೆ ವಿಸ್ತರಿಸಿದ್ದು 2019ರಲ್ಲಿ. ಅಂದು ಸತ್ತ ನಗರ ಪೋಲೀಸರು 23, ಆ ಕಾಯಿಲೆಗಳಿಂದ ಆಮೇಲೆ ಸತ್ತವರು ಅದರ ಹಲವು ಪಟ್ಟು. ಪೋಲೀಸರಿಗೆ ಅಪಾಯ ಅಂದ್ರೆ ಗುಂಡು ಅಂತ ಸಿನಿಮಾ ನೋಡಿ ಅಂದುಕೊಂಡಿರ್ತೀವಿ. ಉಸಿರಾಡಿದ್ದೇ ಅಪಾಯ ಆಗಬಹುದು, ಹತ್ತು ಹದಿನೈದು ವರ್ಷ ಕಳೆದ ಮೇಲೂ.

ಅವತ್ತು ಇನ್ನೂ ಏನೋ ಹೇಳೋಣ ಅಂತಿದ್ದೆ, ಪೇಪರಿನಲ್ಲಿ ನಿಮ್ಮನ್ನು ಹುಡುಕಿದ್ದೆ ಅಂತ. ಹಿಂದೆ ಕಾರುಗಳ ಸಾಲು ಬೆಳೀತಿತ್ತು. ಆತ ಕೈ ಎತ್ತಿ, "ಸರ್, ಕಾರು ಮುಂದೆ ತಗೊಳ್ಳಿ" ಅಂದ. ತಗೊಂಡೆ. ಆಮೇಲೆ ಅಲ್ಲಿ ಆತನನ್ನು ನೋಡಲಿಲ್ಲ. ಹೆಸರು ಆವತ್ತೂ ಓದಲಿಲ್ಲ ನೋಡಿ.

ಅತ್ತೆಯ ಪಾಸ್‌ಪೋರ್ಟ್ ಕತೆ ಹೇಳಿದವರು ಇಷ್ಟೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಮುಂದಿನ ಸಲ ಎಲ್ಲಿ ನಿಲ್ಲಿಸ್ಲಿ ಹೇಳಿ?" ಅಂದರು. ಆಗಿನಿಂದ ಇ-ಟಿಕೆಟ್ ಕಳಿಸುವಾಗ ಕೆಳಗೆ ಕನ್ನಡದಲ್ಲಿ ಎರಡು ಸಾಲು ಸೇರಿಸ್ತೇನೆ: "ಬಾಗಿಲ ಮುಂದೆ ಕಾರು ಬಿಟ್ಟು ಒಳಗೆ ಹೋಗಬೇಡಿ, ಪಾರ್ಕಿಂಗಿಗೆ ಹಾಕಿ ನಡಕೊಂಡು ಬನ್ನಿ. ಪೋಲೀಸರು ಹೋಗಿ ಅಂದ್ರೆ ಒಂದು ಸುತ್ತು ಹಾಕಿ ಬನ್ನಿ, ವಿಮಾನ ಕಾಯುತ್ತೆ."

ವಿಮಾನ ಕಾಯಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಸ್ವಲ್ಪ ಬೇಗ ಮನೆ ಬಿಡಿ.