ಹಳೆಯ ಕೋವಿ: ಅಸಲಿಯೋ ನಕಲಿಯೋ?

ನಂದಿದುರ್ಗದ ಮುತ್ತಿಗೆಯ ಕಾಲದ್ದೆಂದು ಹೇಳುವ ಕೋವಿ ಎದುರಿಗೆ ಬಂದರೆ ಮೊದಲು ನೋಡಬೇಕಾದದ್ದು ಅದರ ಕುದುರೆಯನ್ನು, ಅಂದರೆ ಮದ್ದು ಹೊತ್ತಿಸಲು ಬಡಿಯುವ ಭಾಗವನ್ನು. 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಆ ಬೆಟ್ಟವನ್ನು ಟಿಪ್ಪುವಿನಿಂದ ಕಿತ್ತುಕೊಂಡಾಗ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಹೆಗಲ ಮೇಲಿದ್ದದ್ದು ಚಕಮಕಿ ಕಲ್ಲಿನ ಮಸ್ಕೆಟ್. ಕುದುರೆಯ ದವಡೆಯಲ್ಲಿ ಕಲ್ಲು, ಎದುರಿಗೆ ಕಿಡಿ ಹಾರಿಸುವ ಉಕ್ಕಿನ ಪಟ್ಟಿ, ಅದರಡಿ ಮದ್ದಿನ ಬಟ್ಟಲು ಇರಬೇಕು. ಬಟ್ಟಲಿನ ಜಾಗದಲ್ಲಿ ಕೇಪು ಸಿಕ್ಕಿಸುವ ತೊಟ್ಟು ಇದ್ದರೆ ಅದು 19ನೇ ಶತಮಾನದ್ದು, ಇಲ್ಲವೇ ಆಮೇಲೆ ಮಾರ್ಪಡಿಸಿದ್ದು. ಮಾರ್ಪಡಿಸಿದ್ದರೆ ಪಕ್ಕದ ತಗಡಿನಲ್ಲಿ ಹಳೆಯ ತಿರುಪಿನ ತೂತುಗಳನ್ನು ಮುಚ್ಚಿದ ಗುರುತು ಕಾಣುತ್ತದೆ. ನಳಿಗೆಯೊಳಗೆ ಸುರುಳಿ ಗೀರುಗಳಿದ್ದರಂತೂ ಅದು ಮಸ್ಕೆಟ್ ಅಲ್ಲ, ರೈಫಲ್. ಇಲ್ಲಿನ ಸೈನ್ಯಕ್ಕೆ ಅದು ವ್ಯಾಪಕವಾಗಿ ಬಂದದ್ದು 1853ರ ಮಾದರಿಯ ಎನ್‌ಫೀಲ್ಡ್‌ನೊಂದಿಗೆ.

ತಗಡಿನ ಮೇಲಿನ ಮುದ್ರೆ ಇನ್ನೂ ಖಚಿತವಾದ ಸಾಕ್ಷಿ. ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕೋವಿಗಳ ಮೇಲೆ ನಾಲ್ಕು ಭಾಗ ಮಾಡಿದ ಹೃದಯದ ಆಕಾರವೂ ಅದರೊಳಗೆ ಕಂಪನಿಯ ಅಕ್ಷರಗಳೂ ಇರುತ್ತವೆ. 1808ರ ಸುಮಾರಿಗೆ ಆ ಜಾಗಕ್ಕೆ ಎದ್ದುನಿಂತ ಸಿಂಹ ಬಂತು. ಹಾಗಾಗಿ ಸಿಂಹವಿರುವ ತಗಡು ನಂದಿಯ ಕಾಳಗವನ್ನು ಕಂಡಿರಲಾರದು.

ಟಿಪ್ಪುವಿನ ಕೋವಿಗಳ ಪರೀಕ್ಷೆ ಹೆಚ್ಚು ಸೂಕ್ಷ್ಮ. ಹುಲಿಯ ಪಟ್ಟೆಯ ವಿನ್ಯಾಸವನ್ನು ಯಾವ ನಕಲಿಗನಾದರೂ ಕೆತ್ತಿಯಾನು, ಕಾಲಗಣನೆಯಲ್ಲಿ ಮಾತ್ರ ಎಡವುತ್ತಾನೆ. ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅವನ ನಾಣ್ಯಗಳಲ್ಲಿ 1226 ಎಂಬುದು 6221 ಎಂದು ಕಾಣುತ್ತದೆ, ಅದು ಕ್ರಿ.ಶ. 1798ರ ಹೊತ್ತಿನದು. 1793-94ರಲ್ಲಿ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿ ಟಿಪ್ಪುವಿಗಾಗಿ ಮಾಡಿದ ಬೇಟೆಯ ಕೋವಿಯೊಂದು ಮುಂದೆ ಕಾರ್ನ್‌ವಾಲಿಸನ ಕೈ ಸೇರಿತು. 2023ರಲ್ಲಿ ಬ್ರಿಟಿಷ್ ಸರ್ಕಾರ ಅದು ದೇಶ ಬಿಟ್ಟು ಹೋಗದಂತೆ ತಡೆದಾಗ ಅದರ ಮೌಲ್ಯ 20 ಲಕ್ಷ ಪೌಂಡ್. ಬರಿಯ ಕಬ್ಬಿಣ, ಮರಕ್ಕೆ ಯಾರೂ ಅಷ್ಟು ಕೊಡುವುದಿಲ್ಲ. ಮಾಡಿದವನ ಹೆಸರು, ವರ್ಷ, ಒಡೆತನದ ಸರಪಳಿ ಮೂರೂ ಕೂಡಿದ್ದರಿಂದ ಬಂದ ಬೆಲೆ ಅದು.

20ನೇ ಶತಮಾನದ ರೈಫಲ್‌ಗಳಲ್ಲಿ ಗಮನ ಸಂಖ್ಯೆಗಳ ಮೇಲಿರಬೇಕು. ಬಂಗಾಳದ ಇಶಾಪುರ ಕಾರ್ಖಾನೆಯ ಬ್ರಿಟಿಷ್ ಕಾಲದ .303 ರೈಫಲ್‌ಗಳಲ್ಲಿ ಹಿಡಿಯ ಬುಡದ ಉಕ್ಕಿನ ಕೊರಳಿನ ಮೇಲೆ ಕಿರೀಟ, ಕಾರ್ಖಾನೆಯ ಹೆಸರು, ವರ್ಷ ಇರುತ್ತವೆ. ನಳಿಗೆ ಮತ್ತು ಬೋಲ್ಟಿನ ಕ್ರಮಸಂಖ್ಯೆ ಒಂದೇ ಆಗಿದ್ದರೆ ಬೆಲೆ ಏರುತ್ತದೆ. ಬೇರೆಬೇರೆಯಾಗಿದ್ದರೆ ಅದು ಹಲವು ಕೋವಿಗಳ ಬಿಡಿಭಾಗಗಳನ್ನು ಜೋಡಿಸಿದ್ದು. ‘ಡಿ.ಪಿ.’ ಎಂಬ ಅಕ್ಷರಗಳಿದ್ದರೆ ಅದು ಕವಾಯತಿಗೆ ಮೀಸಲಾದ, ಗುಂಡು ಹಾರಿಸಬಾರದ ರೈಫಲ್. 1960ರ ದಶಕದ 7.62 ಎಂ.ಎಂ. ಇಶಾಪುರ ರೈಫಲನ್ನು ಮಹಾಯುದ್ಧದ್ದೆಂದು ತೋರಿಸಿದರೆ, ಅದರ ಚೌಕಾಕಾರದ ತೋಟಾ ಪೆಟ್ಟಿಗೆಯೇ ಸುಳ್ಳನ್ನು ಬಯಲು ಮಾಡುತ್ತದೆ.

ಜೊತೆಗೆ ಬರುವ ಕಾಗದಪತ್ರಗಳನ್ನೂ ಬಿಡದೆ ಓದಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಯ ತಾಲ್ಲೂಕುಗಳು. 1973ರ ನವೆಂಬರ್‌ವರೆಗೆ ರಾಜ್ಯದ ಹೆಸರು ಮೈಸೂರು. 1960ರ ಪರವಾನಗಿಯಲ್ಲಿ ‘ಚಿಕ್ಕಬಳ್ಳಾಪುರ ಜಿಲ್ಲೆ, ಕರ್ನಾಟಕ’ ಎಂದಿದ್ದರೆ ಆ ಕಾಗದ ಖೋಟಾ, ಅದರೊಂದಿಗೆ ಬಂದ ಕಥೆಯನ್ನೂ ನಂಬಬೇಕಿಲ್ಲ.

ಬೆಲೆ ಕೆಡಿಸುವ ಕೆಲಸ ಬಹುಪಾಲು ಮನೆಯಲ್ಲೇ ನಡೆಯುತ್ತದೆ. ಹೊಳಪು ಬರಲೆಂದು ಮರಳು ಕಾಗದದಿಂದ ಉಜ್ಜಿದ ನಳಿಗೆಯಲ್ಲಿ ಮುದ್ರೆಗಳು ಸವೆದು ಹೋಗುತ್ತವೆ, ಶತಮಾನದಲ್ಲಿ ಕೂತ ಕಂದು ಪದರ ಅಳಿಯುತ್ತದೆ. ಮರಕ್ಕೆ ಹೊಸ ವಾರ್ನಿಷ್ ಬಳಿಯುವುದೂ ಅಷ್ಟೇ ಹಾನಿ. ನಿಜಕ್ಕೂ ಹಳೆಯದಾದ ಕೋವಿಯಲ್ಲಿ ಸವೆತ ಕೈ ತಾಕುವ ಕಡೆ ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಎಲ್ಲೆಡೆ ಒಂದೇ ಸಮನೆ ತುಕ್ಕು ಹಿಡಿದಿದ್ದರೆ ಅದು ಆಮ್ಲ ಹಚ್ಚಿ ತಂದ ಮುಪ್ಪಿರಬಹುದು. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಮುಟ್ಟುವ ಮುನ್ನ ಇನ್ನೊಂದು ಎಚ್ಚರ ಬೇಕು: ಹಳೆಯ ಮದ್ದುಗುಂಡು ಇನ್ನೂ ಒಳಗೇ ಇರಬಹುದು. ಅದನ್ನು ತಿಳಿದವರೇ ಗಜ ಇಳಿಸಿ ಆಳ ಅಳೆದು ನೋಡಬೇಕು.

ವಯಸ್ಸಾಯಿತೆಂದ ಮಾತ್ರಕ್ಕೆ ಪರವಾನಗಿ ಬೇಡವೆಂದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡುವುದು ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಕ್ಕೆ. .303 ನಿಷೇಧಿತ ಬೋರ್. ಅದನ್ನು ಸಾಮಾನ್ಯ ಪರವಾನಗಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯಿಸಬಹುದು: ಅದರಡಿ ಪ್ರಾಚ್ಯವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.